ಸುಳ್ಳಿನ ಕಾಲಿಗೆ ಹಗ್ಗವೋ, ಬಾಯಿಗೆ ಬೀಗವೋ

2012ರ ಆಗಸ್ಟ್ ಮೂರನೆಯ ವಾರ. ಅಕ್ಕನ ಮಗುವಿನ ನಾಮಕರಣಕ್ಕೆ ಬಂಧುಬಳಗವನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದೇ ಎಸ್ಸೆಮ್ಮೆಸ್ ಬರೆದು ಎಲ್ಲರಿಗೂ ಕಳಿಸಿಬಿಟ್ಟರೆ ಮುಗಿಯಿತು ಎಂದುಕೊಂಡು ಕುಳಿತವನಿಗೆ, ಐದು ಸಂದೇಶಗಳು ಹೋದ ಮೇಲೆ ಆರನೆಯದು ಹೋಗದೆ ನಿಂತದ್ದು ಏಕೆಂದು ಮೊದಲು ತಿಳಿಯಲಿಲ್ಲ. ಕೊನೆಗೆ ಅಪ್ಪ ಮನೆಯ ಲ್ಯಾಂಡ್‌ಲೈನ್ ಮುಂದೆ ಕುರ್ಚಿ ಎಳೆದುಕೊಂಡು, ಹಳೆಯ ಡೈರಿ ತೆರೆದು, ಒಬ್ಬೊಬ್ಬರಿಗೂ ಕರೆ ಮಾಡಿದರು. ನಾಮಕರಣದ ಮಾತು ಮುಗಿದ ಮರುಕ್ಷಣ ಆ ಕಡೆಯವರು ಕೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಬೆಂಗಳೂರಲ್ಲಿ ಗಲಾಟೆಯಂತೆ, ಹೌದಾ?"

ಗಲಾಟೆ ಆಗಿರಲಿಲ್ಲ, ಆಗುತ್ತದೆ ಎಂಬ ವದಂತಿ ಮಾತ್ರ ಇತ್ತು. ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ನಡೆದ ಹಿಂಸಾಚಾರದ ಬಳಿಕ, ಎಲ್ಲೆಲ್ಲಿಯದೋ ಚಿತ್ರಗಳನ್ನು ತಿರುಚಿ ಹಂಚಲಾಗಿತ್ತು. ದಕ್ಷಿಣದ ನಗರಗಳಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ರಂಜಾನ್ ಹೊತ್ತಿಗೆ ದಾಳಿ ನಡೆಯಲಿದೆ ಎಂಬ ಸಂದೇಶಗಳು ಫೋನಿನಿಂದ ಫೋನಿಗೆ ಹಾರಿದವು. ಸ್ವಾತಂತ್ರ್ಯ ದಿನದಂದೇ ಬೆಂಗಳೂರು ನಗರ ರೈಲು ನಿಲ್ದಾಣ ಗಂಟುಮೂಟೆ ಹೊತ್ತ ಹುಡುಗ ಹುಡುಗಿಯರಿಂದ ತುಂಬಿಹೋಯಿತು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲಿನ ಕೆಲಸಗಾರರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು ಹೀಗೆ ಸಾವಿರಾರು ಜನ ಊರು ಬಿಟ್ಟರು.

ಆಗ ಕೇಂದ್ರ ಸರ್ಕಾರ ಬೆನ್ನುಬೆನ್ನಿಗೆ ಎರಡು ಕ್ರಮಗಳನ್ನು ಕೈಗೊಂಡಿತು. ಒಂದು, ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಹೋಗದಂತೆ ದೇಶದಾದ್ಯಂತ 15 ದಿನಗಳ ಮಿತಿ. ಕೆಲವೇ ದಿನಗಳಲ್ಲಿ ಅದನ್ನು 20ಕ್ಕೆ ಸಡಿಲಿಸಲಾಯಿತು. ಎರಡು, ಆಯ್ದ ಜಾಲಪುಟಗಳನ್ನೂ ಖಾತೆಗಳನ್ನೂ ತಡೆಹಿಡಿಯುವಂತೆ ಅಂತರ್ಜಾಲ ಸೇವಾ ಕಂಪನಿಗಳಿಗೆ ಆದೇಶ. ಹೀಗೆ ತಡೆಯಲಾದ ಪಟ್ಟಿಯನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಸಂಸ್ಥೆ ಪರಿಶೀಲಿಸಿದಾಗ, ಅದರಲ್ಲಿ 309 ಬಾಬುಗಳಿದ್ದವು. ಜಾಲಪುಟಗಳ ವಿಳಾಸ, ಟ್ವಿಟರ್ ಖಾತೆಗಳ ಜೊತೆಗೆ ಪುಟದೊಳಗೆ ಚಿತ್ರವನ್ನು ಕೂರಿಸುವ ಸಂಕೇತದ ತುಣುಕುಗಳನ್ನೂ ಯಾರೋ ಹಾಗೆಯೇ ಎತ್ತಿ ಪಟ್ಟಿಗೆ ಹಾಕಿದ್ದರು. ಅದನ್ನು ತಡೆಯುವುದು ಹೇಗೆಂದು ಆದೇಶ ಕೊಟ್ಟವರಿಗೂ ಗೊತ್ತಿದ್ದಂತಿಲ್ಲ. ಅದು ನಗುವ ಸಂಗತಿಯಾದರೆ, ನಗಲಾಗದ ಇನ್ನೊಂದು ಸಂಗತಿಯೂ ಅಲ್ಲಿತ್ತು. ಆ ಚಿತ್ರಗಳು ಸುಳ್ಳು ಎಂದು ಆಧಾರಸಹಿತ ಬಿಡಿಸಿ ತೋರಿಸಿದ ಬರಹಗಳೂ ತಡೆಯ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದವು. ಸುಳ್ಳನ್ನು ಅಲ್ಲಗಳೆಯುವವನು ಆ ಸುಳ್ಳನ್ನು ಒಮ್ಮೆ ಉಲ್ಲೇಖಿಸಲೇಬೇಕಲ್ಲ; ಪಟ್ಟಿ ಮಾಡುವವರ ಕಣ್ಣಿಗೆ ಇಬ್ಬರೂ ಒಂದೇ ಆಗಿ ಕಂಡಿದ್ದರು.

ಈ ಎರಡು ಕ್ರಮಗಳ ಸ್ವಭಾವವೇ ಬೇರೆ. ಐದರ ಮಿತಿಗೆ ನನ್ನ ಸಂದೇಶದಲ್ಲಿ ಏನಿದೆ ಎಂಬುದು ಬೇಕಿರಲಿಲ್ಲ. ನಾಮಕರಣವೂ ಒಂದೇ, ವದಂತಿಯೂ ಒಂದೇ. ಅದು ನನ್ನಂಥವರಿಗೆ ತೊಂದರೆ ಕೊಟ್ಟಿತು, ನಿಜ. ಆದರೆ ಯಾವುದು ಸತ್ಯ, ಯಾವುದು ಸುಳ್ಳು ಎಂದು ತೀರ್ಪು ಕೊಡುವ ಕೆಲಸಕ್ಕೆ ಅದು ಕೈಹಾಕಲಿಲ್ಲ. ಎರಡನೆಯ ಕ್ರಮ ಆ ಕೆಲಸಕ್ಕೇ ಕೈಹಾಕಿತು, ಮತ್ತು ಅವಸರದಲ್ಲಿ ತಪ್ಪು ಮಾಡಿತು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮ ಸರ್ಕಾರಗಳು, ಪಕ್ಷಭೇದವಿಲ್ಲದೆ, ಎರಡನೆಯ ದಾರಿಯನ್ನೇ ಅಗಲ ಮಾಡುತ್ತ ಬಂದಿವೆ. ಮೊದಲನೆಯದನ್ನು ಬಹುಮಟ್ಟಿಗೆ ಕಂಪನಿಗಳ ಮರ್ಜಿಗೆ ಬಿಟ್ಟಿವೆ. ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಅಭಿಪ್ರಾಯ.

2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಎಲ್ಲರ ಫೋನಿಗೂ ಬಂದ ವಿಡಿಯೊ ಒಂದಿತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಜಾಹೀರಾತು. ಮೂಲದಲ್ಲಿ ಅವರು ಮಗುವನ್ನು ಮರಳಿ ತಂದುಬಿಟ್ಟು, ಮಗುವೊಂದನ್ನು ಕದಿಯಲು ಎಷ್ಟು ಹೊತ್ತು ಸಾಕು ಎಂಬ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು, ಅಷ್ಟೇ. ಉಳಿದ ಭಾಗದಲ್ಲಿ ಒಂದು ಚೌಕಟ್ಟನ್ನೂ ತಿರುಚಿರಲಿಲ್ಲ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು.

ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಇನ್ನೂ ಹೆಚ್ಚು ಕಲಿಸುತ್ತದೆ. ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಊರವರಿಗೆ ಅನುಮಾನ ಬಂದು ಮಾತಿಗೆ ಮಾತು ಬೆಳೆದಾಗ ಅವರು ಕಾರು ಹತ್ತಿ ಹೊರಟರು. ಅಷ್ಟರಲ್ಲಿ ವಿಷಯ ವಾಟ್ಸಾಪ್ ಗುಂಪಿಗೆ ಬಿದ್ದಿತ್ತು. ಕಾರಿಗಿಂತ ಮೊದಲು ಸಂದೇಶ ಮುರ್ಕಿ ತಲುಪಿ, ರಸ್ತೆಗೆ ಅಡ್ಡಗಟ್ಟಿ ಜನ ಕಾದು ನಿಂತಿದ್ದರು. ಒಬ್ಬರು ಸತ್ತರು, ಜೊತೆಯಲ್ಲಿದ್ದವರು ತೀವ್ರವಾಗಿ ಗಾಯಗೊಂಡರು. ಗುಂಪಿನ ಅಡ್ಮಿನ್ ಸೇರಿದಂತೆ ಹಲವರನ್ನು ಪೊಲೀಸರು ಬಂಧಿಸಿದರು.

ಚಾಕೊಲೇಟ್ ಕೊಟ್ಟದ್ದು ನಿಜ. ಕಾರು ನಿಜ. ಅಪರಿಚಿತರು ಎಂಬುದೂ ನಿಜ. ಸುಳ್ಳಾಗಿದ್ದದ್ದು ಇವುಗಳನ್ನು ಜೋಡಿಸಿ ಮಾಡಿಕೊಂಡ ಊಹೆ. ಸತ್ಯಶೋಧನಾ ಘಟಕವೊಂದು ದೆಹಲಿಯಲ್ಲಿಯೋ ವಿಧಾನಸೌಧದಲ್ಲಿಯೋ ಕುಳಿತು, ಈ ಸಂದೇಶವನ್ನು ನೋಡಿ, ವಿಚಾರಿಸಿ, ಸುಳ್ಳು ಎಂಬ ಮುದ್ರೆ ಒತ್ತುವಷ್ಟರಲ್ಲಿ ಕಾರು ಎಲ್ಲಿರುತ್ತಿತ್ತು? ಅಂದು ಆ ಕಾರಿನಲ್ಲಿದ್ದವರಿಗೆ ಬೇಕಾಗಿದ್ದುದು ಸಂದೇಶ ತಮಗಿಂತ ಅರ್ಧ ಗಂಟೆಯಾದರೂ ಹಿಂದೆ ಬೀಳುವುದು.

ಮುರ್ಕಿಯ ಘಟನೆಯಾದ ಒಂದು ವಾರದೊಳಗೆ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಇಳಿಸಿತು. 2012ರಲ್ಲಿಯೂ ಐದು, 2018ರಲ್ಲಿಯೂ ಐದು; ಕಾಕತಾಳೀಯವೇ ಇರಬಹುದು. 2019ರ ಜನವರಿಯಲ್ಲಿ ಈ ಮಿತಿ ಜಗತ್ತಿಗೆಲ್ಲ ವಿಸ್ತರಿಸಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಷಾಯಗಳ ಕಾಲದಲ್ಲಿ, ಐದು ಬಾರಿ ಕೈ ಬದಲಿಸಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಮಾತ್ರ ಕಳಿಸಬಹುದು ಎಂಬ ನಿಯಮ ಬಂತು. ಅದರಿಂದ ಅಂಥ ಸಂದೇಶಗಳು ಶೇ 70ರಷ್ಟು ಇಳಿದವು ಎಂದು ಕಂಪನಿ ಹೇಳಿಕೊಂಡಿತು. ತನ್ನ ಲೆಕ್ಕವನ್ನು ತಾನೇ ಕೊಟ್ಟದ್ದಾದ್ದರಿಂದ ಅದನ್ನು ಆ ಮಟ್ಟಿಗೇ ನಂಬೋಣ.

ಇದು ಕೆಲಸ ಮಾಡುವ ಬಗೆ ಗಮನಿಸತಕ್ಕದ್ದು. ವಾಟ್ಸಾಪ್ ಸಂದೇಶಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ; ಕಳಿಸಿದವರ ಫೋನಿನಲ್ಲಿ ಬೀಗ ಬಿದ್ದ ಮಾತು ಪಡೆದವರ ಫೋನಿನಲ್ಲೇ ತೆರೆಯುತ್ತದೆ, ನಡುವಿನ ಕಂಪನಿಗೂ ಒಳಗಿನದು ಕಾಣುವುದಿಲ್ಲ. ಹಾಗಿದ್ದರೂ ಎಷ್ಟು ಸಲ ಫಾರ್ವರ್ಡ್ ಆಯಿತು ಎಂಬ ಎಣಿಕೆ ಸಾಧ್ಯವಾಗುವುದು, ಆ ಸಂಖ್ಯೆ ಸಂದೇಶದ ಜೊತೆಯಲ್ಲೇ ಬೀಗದೊಳಗೆ ಪ್ರಯಾಣ ಮಾಡುವುದರಿಂದ. ಪಡೆದ ಫೋನು ಅದನ್ನು ಓದಿ, ಮುಂದೆ ಕಳಿಸುವಾಗ ಒಂದನ್ನು ಕೂಡಿಸುತ್ತದೆ. ಟಪಾಲು ಲಕೋಟೆಯನ್ನು ಒಡೆಯದೆ, ಅದರ ಮೇಲಿನ ಮುದ್ರೆಗಳನ್ನು ಎಣಿಸಿದ ಹಾಗೆ ಇದು. ವ್ಯತ್ಯಾಸವೆಂದರೆ ಇಲ್ಲಿ ಅಂಚೆಯವನಿಗೆ ಮುದ್ರೆಯೂ ಕಾಣುವುದಿಲ್ಲ. ಯಾರ ಖಾಸಗಿತನವೂ ಕೆಡದೆ ವದಂತಿಯ ಕಾಲಿಗೆ ಹಗ್ಗ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಡ.

ಆದರೆ ಆ ಹಗ್ಗದ ತುದಿ ಯಾರ ಕೈಯಲ್ಲಿದೆ? 2018ರಲ್ಲಿ ಒಂದು ಗುಂಪಿಗೆ ಹೆಚ್ಚೆಂದರೆ 256 ಸದಸ್ಯರಿರಬಹುದಿತ್ತು. ಐದು ಗುಂಪಿಗೆ ಕಳಿಸಿದರೆ 1,280 ಜನ. 2022ರಲ್ಲಿ, ಒಮ್ಮೆ ಫಾರ್ವರ್ಡ್ ಆದ ಸಂದೇಶ ಒಂದು ಸಲಕ್ಕೆ ಒಂದೇ ಗುಂಪಿಗೆ ಹೋಗಬಹುದು ಎಂದು ಕಂಪನಿ ಬಿಗಿ ಮಾಡಿತು. ಅದೇ ವರ್ಷ ಗುಂಪಿನ ಗಾತ್ರವನ್ನು ಮೊದಲು 512ಕ್ಕೆ, ಆಮೇಲೆ 1,024ಕ್ಕೆ ಏರಿಸಿತು. ಅಂದರೆ ಇಂದು ಒಂದೇ ಗುಂಪಿಗೆ ಒಮ್ಮೆ ಒತ್ತಿದರೆ, ಅಂದು ಐದು ಗುಂಪಿಗೆ ಒತ್ತಿದ್ದರ ಹತ್ತಿರಹತ್ತಿರಕ್ಕೆ ತಲುಪುತ್ತದೆ. ಒಂದು ಕೈಯಲ್ಲಿ ಬಿಗಿದದ್ದನ್ನು ಇನ್ನೊಂದು ಕೈಯಲ್ಲಿ ಸಡಿಲಿಸಿದಂತಾಯಿತು. ಕೋಟ್ಯಂತರ ಭಾರತೀಯರ ಸುದ್ದಿಯ ವೇಗವನ್ನು ನಿರ್ಧರಿಸುವ ಈ ಅಂಕಿಗಳ ಬಗ್ಗೆ ಸಂಸತ್ತಿನಲ್ಲಾಗಲಿ ವಿಧಾನಸಭೆಯಲ್ಲಾಗಲಿ ಗಂಭೀರ ಚರ್ಚೆ ನಡೆದದ್ದನ್ನು ನಾನು ಕೇಳಿಲ್ಲ.

ಚರ್ಚೆ ನಡೆಯುವುದು, ಕಾಯ್ದೆ ಬರುವುದು, ಕೋರ್ಟಿಗೆ ಹೋಗುವುದು ಎಲ್ಲವೂ ಬಾಯಿಗೆ ಹಾಕುವ ಬೀಗದ ಬಗ್ಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಎ ಸೆಕ್ಷನ್, ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಜೈಲಿಗೆ ಹಾಕಬಹುದಾಗಿದ್ದ ಕಲಮು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ನಿಧನರಾದಾಗ ಮುಂಬೈ ಬಂದ್ ಆದದ್ದನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಪಾಲ್ಘರ್‌ನ ಯುವತಿ ಮತ್ತು ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿ ಬಂಧನಕ್ಕೊಳಗಾದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಸೆಕ್ಷನ್ನನ್ನು ರದ್ದು ಮಾಡಿತು. ಸತ್ತ ಸೆಕ್ಷನ್ನಿನ ಅಡಿಯಲ್ಲಿ ಪೊಲೀಸರು ವರ್ಷಗಟ್ಟಲೆ ಪ್ರಕರಣ ದಾಖಲಿಸುತ್ತಲೇ ಹೋದರು ಎಂದು ತಿಳಿದು 2021ರಲ್ಲಿ ಅದೇ ನ್ಯಾಯಾಲಯ ಆಘಾತ ವ್ಯಕ್ತಪಡಿಸಬೇಕಾಯಿತು. ಪೊಲೀಸ್ ಠಾಣೆಯ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರನ್ನು ಯಾರೂ ಇಳಿಸದಿದ್ದರೆ ಹೀಗೇ ಆಗುತ್ತದೆ.

2023ರ ಏಪ್ರಿಲ್‌ನಲ್ಲಿ ಕೇಂದ್ರವು ನಿಯಮಗಳನ್ನು ತಿದ್ದಿ, ಕೇಂದ್ರ ಸರ್ಕಾರದ ವ್ಯವಹಾರಗಳ ಕುರಿತಾದ ಯಾವುದೇ ಮಾಹಿತಿಯನ್ನು ಸುಳ್ಳು ಎಂದು ಗುರುತಿಸುವ ಅಧಿಕಾರವನ್ನು ತನ್ನದೇ ಸತ್ಯಶೋಧನಾ ಘಟಕಕ್ಕೆ ಕೊಟ್ಟುಕೊಂಡಿತು. ಫಿರ್ಯಾದಿಯೂ ತಾನೇ, ನ್ಯಾಯಾಧೀಶನೂ ತಾನೇ. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜನವರಿಯಲ್ಲಿ ಭಿನ್ನ ತೀರ್ಪು ಕೊಟ್ಟರು; ಮೂರನೆಯ ನ್ಯಾಯಮೂರ್ತಿಯಾಗಿ ಎ.ಎಸ್. ಚಂದೂರ್ಕರ್ ಅವರು ಸೆಪ್ಟೆಂಬರ್‌ನಲ್ಲಿ ಕೊಟ್ಟ ಅಭಿಪ್ರಾಯದಿಂದ ಆ ತಿದ್ದುಪಡಿ ಬಿದ್ದುಹೋಯಿತು.

ಅಷ್ಟು ಹೊತ್ತಿಗೆ ಬೇರೊಂದು ಬಾಗಿಲು ತೆರೆಯುತ್ತಿತ್ತು. ಜಾಲದಲ್ಲಿ ಯಾವುದನ್ನಾದರೂ ತಡೆಯಲು ಕಾಯ್ದೆಯಲ್ಲಿ 69ಎ ಸೆಕ್ಷನ್ ಇದೆ. ಅದಕ್ಕೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ನಿರ್ದಿಷ್ಟ ಕಾರಣಗಳು ಬೇಕು, ಸಮಿತಿ ಪರಿಶೀಲಿಸಬೇಕು, ಕಾರಣವನ್ನು ಬರೆದಿಡಬೇಕು. ಇನ್ನೊಂದು, 79(3)(ಬಿ). ಇದು ತಡೆಯ ಕಲಮಲ್ಲ. ಕಾನೂನುಬಾಹಿರ ವಿಷಯ ತನ್ನಲ್ಲಿದೆ ಎಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದ ಕಂಪನಿ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತದೆ ಎಂದಷ್ಟೇ ಇದು ಹೇಳುತ್ತದೆ. ಕೇಂದ್ರ ಗೃಹ ಸಚಿವಾಲಯ 2024ರಲ್ಲಿ ಆರಂಭಿಸಿದ ಸಹಯೋಗ್ ಪೋರ್ಟಲ್ ಈ ಎರಡನೆಯ ಕಲಮನ್ನು ಹಿಡಿದು, ಕೇಂದ್ರದ ಹಾಗೂ ರಾಜ್ಯಗಳ ಅಧಿಕಾರಿಗಳು ಕಂಪನಿಗಳಿಗೆ ನೇರವಾಗಿ ನೋಟಿಸ್ ಕಳಿಸುವ ವ್ಯವಸ್ಥೆ. ಹೆಬ್ಬಾಗಿಲಿನಲ್ಲಿ ಕಾವಲುಗಾರರಿದ್ದಾರೆಂದು ಹಿತ್ತಲಿನಿಂದ ದಾರಿ ಮಾಡಿಕೊಂಡಂತೆ ಎಂದು ಎಕ್ಸ್ ಕಂಪನಿ, ಈ ಮಾತಿನಲ್ಲಿ ಅಲ್ಲದಿದ್ದರೂ ಈ ಅರ್ಥದಲ್ಲಿ, ಕರ್ನಾಟಕ ಹೈಕೋರ್ಟಿನಲ್ಲಿ ವಾದಿಸಿತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ಆ ಅರ್ಜಿಯನ್ನು ವಜಾ ಮಾಡಿತು. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ ಸೇರಿದ್ದು, ವಿದೇಶಿ ಕಂಪನಿ ಅದನ್ನು ತನ್ನದೆನ್ನಲಾಗದು ಎಂಬುದು ತೀರ್ಪಿನ ಮುಖ್ಯ ಎಳೆಗಳಲ್ಲಿ ಒಂದು. ಇದೇ ಹೈಕೋರ್ಟು 2023ರ ಜೂನ್ 30ರಂದು, 69ಎ ಆದೇಶಗಳ ವಿರುದ್ಧ ಇದೇ ಕಂಪನಿ ಟ್ವಿಟರ್ ಎಂಬ ಹಳೆಯ ಹೆಸರಿನಲ್ಲಿ ತಂದಿದ್ದ ಅರ್ಜಿಯನ್ನು ₹50 ಲಕ್ಷ ದಂಡದೊಂದಿಗೆ ತಳ್ಳಿಹಾಕಿತ್ತು.

ಕಂಪನಿಯ ಬಗ್ಗೆ ನನಗೆ ವಿಶೇಷ ಕನಿಕರವಿಲ್ಲ. ತನಗೆ ಲಾಭವಿರುವಲ್ಲಿ ಸ್ವಾತಂತ್ರ್ಯದ ಮಾತಾಡುವುದು, ಇಲ್ಲದಲ್ಲಿ ಸುಮ್ಮನಿರುವುದು ಈ ವ್ಯಾಪಾರದ ರೀತಿ. ಆದರೆ ತೆಗೆದುಹಾಕಿದ ಪೋಸ್ಟ್ ಬರೆದವರು ಬಹುಪಾಲು ಈ ದೇಶದ ನಾಗರಿಕರೇ. ನ್ಯಾಯಾಲಯದಲ್ಲಿ ನಿಂತವರಿಗೆ ಆ ಹಕ್ಕಿಲ್ಲ, ಹಕ್ಕಿರುವವರಿಗೆ ತಮ್ಮ ಬರಹ ಯಾವ ಆದೇಶದಿಂದ ಹೋಯಿತೆಂದು ಗೊತ್ತಿಲ್ಲ. ಏಕೆಂದರೆ 69ಎ ಅಡಿಯಲ್ಲಿ ಬಂದ 2009ರ ತಡೆ ನಿಯಮಗಳ 16ನೇ ನಿಯಮ, ತಡೆಯ ಕೋರಿಕೆ ಮತ್ತು ಕ್ರಮಗಳನ್ನು ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕೆನ್ನುತ್ತದೆ. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು 2020ರ ಜನವರಿಯ ಅನುರಾಧಾ ಭಾಸಿನ್ ತೀರ್ಪು. ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಸಂಬಂಧದ ಆ ಪ್ರಕರಣದಲ್ಲಿ, ಸೇವೆ ಸ್ಥಗಿತಗೊಳಿಸುವ ಆದೇಶಗಳನ್ನು ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಇಡೀ ಜಿಲ್ಲೆಯ ಬಾಯಿ ಮುಚ್ಚಿಸುವ ಆದೇಶ ಬಹಿರಂಗವಾಗಬೇಕು, ಒಬ್ಬನ ಬಾಯಿ ಮುಚ್ಚಿಸುವ ಆದೇಶ ಗುಟ್ಟಾಗಿರಬೇಕು. ಇದರ ತರ್ಕ ನನಗೆ ಹೊಳೆದಿಲ್ಲ.

ಎಕ್ಸ್ ಅರ್ಜಿ ವಜಾ ಆದ ತೀರ್ಪಿನ ಮರುತಿಂಗಳೇ ಕೇಂದ್ರ ನಿಯಮ ತಿದ್ದಿ, ಇಂಥ ನೋಟಿಸನ್ನು ಜಂಟಿ ಕಾರ್ಯದರ್ಶಿ ಅಥವಾ ಪೊಲೀಸರಲ್ಲಿ ಡಿಐಜಿ ದರ್ಜೆಗಿಂತ ಕೆಳಗಿನವರು ಕಳಿಸುವಂತಿಲ್ಲ, ಕಾರಣ ಬರೆಯಬೇಕು ಎಂದಿತು. ಅದು ಒಳ್ಳೆಯದೇ. 2026ರ ಫೆಬ್ರುವರಿಯಲ್ಲಿ ಮತ್ತೆ ತಿದ್ದಿ, ಪಾಲಿಸಲು ಕಂಪನಿಗಳಿಗಿದ್ದ 36 ಗಂಟೆಗಳ ಗಡುವನ್ನು 3 ಗಂಟೆಗೆ ಇಳಿಸಿತು. ಮೂರು ಗಂಟೆಯಲ್ಲಿ ಯಾವ ಕಂಪನಿಯೂ ನೋಟಿಸಿನ ಸರಿತಪ್ಪು ತೂಗಲು ಕೂರುವುದಿಲ್ಲ, ಮೊದಲು ತೆಗೆದುಹಾಕುತ್ತದೆ. 309 ಬಾಬುಗಳ ಪಟ್ಟಿಯಲ್ಲಿ ಆದ ತಪ್ಪಿಗೆ ಕಾರಣವೂ ಅವಸರವೇ ಆಗಿತ್ತು.

2025ರ ಮೇ ತಿಂಗಳ ಆಪರೇಷನ್ ಸಿಂಧೂರದ ದಿನಗಳಲ್ಲಿ ಇದೆಲ್ಲ ಒಟ್ಟಾಗಿ ಕಂಡಿತು. ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಯುವಂತೆ ಸರ್ಕಾರ ಆದೇಶಿಸಿದೆ, ಹೆಚ್ಚಿನವುಗಳಲ್ಲಿ ಯಾವ ಪೋಸ್ಟ್ ತಪ್ಪು ಎಂಬುದನ್ನೂ ಹೇಳಿಲ್ಲ ಎಂದು ಎಕ್ಸ್ ಮೇ 8ರಂದು ಪ್ರಕಟಿಸಿತು. ಮರುದಿನ ದಿ ವೈರ್ ಸುದ್ದಿತಾಣ ದೇಶದ ಹಲವೆಡೆ ತೆರೆಯಲಿಲ್ಲ. ಅದೇ ರಾತ್ರಿಗಳಲ್ಲಿ ಕೆಲವು ಪ್ರಮುಖ ಟಿವಿ ಚಾನೆಲ್ಲುಗಳು ಕರಾಚಿ ಬಂದರು ನಾಶವಾಯಿತೆಂದು ಸಾರಿದವು, ಅಂಥದೇನೂ ನಡೆದಿರಲಿಲ್ಲ. ನಮ್ಮ ಚಿಕ್ಕಪ್ಪ ಆ ಟಿವಿ ಪರದೆಯನ್ನೇ ಫೋನಿನಲ್ಲಿ ಚಿತ್ರೀಕರಿಸಿ ಕುಟುಂಬದ ಗುಂಪಿಗೆ ಹಾಕಿದರು. "ಟೀವೀಲೇ ಬಂದಿದೆಯಪ್ಪಾ" ಎಂಬ ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ತಲೆಮಾರಿಗೆ ಟಿವಿಯಲ್ಲಿ ಬಂದದ್ದು ಎಂದರೆ ಯಾರೋ ಪರಿಶೀಲಿಸಿದ್ದಾರೆ ಎಂದೇ ಅರ್ಥ. ಸಾವಿರಾರು ಖಾತೆಗಳಿಗೆ ಬಿದ್ದ ಬೀಗ ಈ ಸುಳ್ಳಿನ ಹತ್ತಿರಕ್ಕೂ ಸುಳಿಯಲಿಲ್ಲ. ಸುಳ್ಳು ಯಾವುದೆಂದು ತೀರ್ಮಾನಿಸುವ ಅಧಿಕಾರ ಸರ್ಕಾರದ ಕೈಗೆ ಬಂದಾಗ, ಸರ್ಕಾರಕ್ಕೆ ಹಿತವಾದ ಸುಳ್ಳು ಪಟ್ಟಿಗೆ ಬರುವುದಿಲ್ಲ. ಇದಕ್ಕೆ ದುರುದ್ದೇಶವೇ ಬೇಕೆಂದಿಲ್ಲ. ಪಟ್ಟಿ ಮಾಡುವ ಅಧಿಕಾರಿಗೂ ತನ್ನ ಮೇಲಿನವರ ಮುಖ ನೆನಪಿರುತ್ತದೆ.

ದೆಹಲಿಯನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಕೇಂದ್ರದ ಸತ್ಯಶೋಧನಾ ಘಟಕವನ್ನು ಸೆನ್ಸಾರ್ ಎಂದು ಟೀಕಿಸಿದ ಪಕ್ಷವೇ ಕರ್ನಾಟಕದಲ್ಲಿ ಅಧಿಕಾರದಲ್ಲಿದ್ದಾಗ, 2025ರ ಜೂನ್‌ನಲ್ಲಿ, ಸುಳ್ಳು ಸುದ್ದಿ ನಿಷೇಧದ ಕರಡು ಮಸೂದೆಯೊಂದು ಹೊರಬಿತ್ತು. ಏಳು ವರ್ಷದವರೆಗೆ ಜೈಲು, ₹10 ಲಕ್ಷದವರೆಗೆ ದಂಡ, ಸಚಿವರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ, ವಿಶೇಷ ನ್ಯಾಯಾಲಯಗಳು. ಸ್ತ್ರೀವಾದಕ್ಕೆ ವಿರುದ್ಧವಾದದ್ದು, ಸನಾತನ ಸಂಕೇತಗಳಿಗೆ ಅಗೌರವ ತರುವಂಥದು, ಮೂಢನಂಬಿಕೆ ಬೆಳೆಸುವಂಥದು ಇವೆಲ್ಲವನ್ನೂ ತಡೆಯುವ ಹೊಣೆ ಆ ಪ್ರಾಧಿಕಾರದ್ದು. ಎಡದವರನ್ನೂ ಬಲದವರನ್ನೂ ಒಂದೇ ಪುಟದಲ್ಲಿ ಸಮಾಧಾನ ಮಾಡಲು ಹೊರಟ ಕರಡುಗಾರರ ಜಾಣ್ಮೆ ಮೆಚ್ಚತಕ್ಕದ್ದೇ. ಮೂಢನಂಬಿಕೆ ಯಾವುದು, ಸನಾತನ ಸಂಕೇತ ಯಾವುದು ಎಂಬ ಪ್ರಶ್ನೆಗೆ ವಚನಕಾರರ ಕಾಲದಿಂದಲೂ ಕನ್ನಡಿಗರು ಜಗಳವಾಡುತ್ತಲೇ ಬಂದಿದ್ದೇವೆ. ಅದನ್ನು ಒಬ್ಬ ಸಚಿವರು ಸಭೆ ಕರೆದು ಇತ್ಯರ್ಥ ಮಾಡುವರೆಂದು ಆ ಕರಡು ನಂಬಿತ್ತು. ವಿಡಂಬನೆ, ಹಾಸ್ಯ, ಅಭಿಪ್ರಾಯಗಳಿಗೆ ವಿನಾಯಿತಿಯೇನೋ ಇತ್ತು. ಆದರೆ ಅವನ್ನು ಸಾಮಾನ್ಯ ವಿವೇಕದ ಮನುಷ್ಯ ವಾಸ್ತವವೆಂದು ತಿಳಿಯಬಾರದು ಎಂಬ ಷರತ್ತೂ ಇತ್ತು. ಇಂದಿನ ಸುದ್ದಿಗಳಲ್ಲಿ ಯಾವುದು ವಿಡಂಬನೆ, ಯಾವುದು ವಾಸ್ತವ ಎಂದು ಸಾಮಾನ್ಯ ವಿವೇಕದ ನಾನೇ ಎಷ್ಟೋ ಸಲ ಎರಡೆರಡು ಬಾರಿ ನೋಡುತ್ತೇನೆ. ವಿರೋಧ ಎದ್ದಾಗ, ಇದು ಇನ್ನೂ ಕರಡು ಮಾತ್ರ ಎಂಬ ಸಮಜಾಯಿಷಿ ಬಂತು.

ಮುರ್ಕಿಯಂಥ ಸಾವಿಗೆ ಈ ಯಾವ ಬೀಗವೂ ಉತ್ತರವಲ್ಲ ಎಂಬುದಕ್ಕೆ ತಾಂತ್ರಿಕ ಕಾರಣವೂ ಇದೆ. ನೋಟಿಸ್ ಮುಟ್ಟುವುದು ಎಲ್ಲರಿಗೂ ಕಾಣುವ ಎಕ್ಸ್, ಯೂಟ್ಯೂಬ್, ಫೇಸ್‌ಬುಕ್ ಪೋಸ್ಟುಗಳನ್ನು. ಗುಂಪಿನೊಳಗಿನ ಮಾತು ಕಂಪನಿಗೇ ಕಾಣದಿರುವಾಗ ಅದನ್ನು ತೆಗೆಯುವುದೆಲ್ಲಿ? ಸಂದೇಶ ಮೊದಲು ಹುಟ್ಟಿದ್ದು ಯಾರಿಂದ ಎಂದು ಕಂಪನಿ ಹೇಳಬಲ್ಲಂತಿರಬೇಕು ಎಂಬ 2021ರ ನಿಯಮ ಇದಕ್ಕೆಂದೇ ಬಂದದ್ದು. ಅದನ್ನು ವಾಟ್ಸಾಪ್ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಎನ್‌ಕ್ರಿಪ್ಷನ್ ಮುರಿಯಬೇಕಾದರೆ ಭಾರತ ಬಿಡಬೇಕಾದೀತು ಎಂದು 2024ರಲ್ಲಿ ಅದರ ವಕೀಲರು ಹೇಳಿದರು. ಒಂದು ವೇಳೆ ಮೂಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಕರಾಚಿಯ ಜಾಹೀರಾತಿನ ಮೂಲ ಕರಾಚಿಯ ಸಜ್ಜನರು.

ಹಗ್ಗವೂ ನಿರಪಾಯವಲ್ಲ. ಇಂಟರ್ನೆಟ್ ಸ್ಥಗಿತ ಎಂಬುದು ಆ ಹಗ್ಗವನ್ನು ಕುತ್ತಿಗೆಗೆ ಹಾಕಿದ ರೂಪ. ಆಸ್ಪತ್ರೆ, ಬ್ಯಾಂಕು, ಯುಪಿಐ ನಂಬಿದ ತರಕಾರಿಯವರು ಎಲ್ಲರೂ ಅದರಲ್ಲಿ ಉಸಿರುಗಟ್ಟುತ್ತಾರೆ. ನಾನು ಹೇಳುತ್ತಿರುವ ಮಿತಿ ಅದಕ್ಕಿಂತ ತುಂಬ ಸಣ್ಣದು: ಗುಂಪಿನ ಗಾತ್ರವೆಷ್ಟು, ಹಲವು ಕೈ ದಾಟಿದ ಸಂದೇಶ ಎಷ್ಟು ಹೊತ್ತು ಕಾಯಬೇಕು, ಗಲಭೆಯ ಭೀತಿಯಿರುವ ಜಿಲ್ಲೆಯಲ್ಲಿ ಒಂದು ವಾರ ಮಿತಿ ಇನ್ನಷ್ಟು ಬಿಗಿಯಾಗಬೇಕೇ ಎಂಬಂಥವು. ಇವನ್ನು ಕಾಯ್ದೆಯಲ್ಲಿ ಬಹಿರಂಗವಾಗಿ ಬರೆಯಬಹುದು, ಅವಧಿ ಹಾಕಬಹುದು, ಕಂಪನಿಯ ಶೇ 70ರಂಥ ಲೆಕ್ಕಗಳನ್ನು ಹೊರಗಿನವರು ಪರೀಕ್ಷಿಸುವಂತೆ ಮಾಡಬಹುದು. ಸರ್ಕಾರ ಬದಲಾದರೂ ಈ ಅಂಕಿಗಳಿಗೆ ಪಕ್ಷ ಗೊತ್ತಾಗುವುದಿಲ್ಲ.

ಹಲವು ಕೈ ದಾಟಿದ ಸಂದೇಶದ ಮೇಲೆ ವಾಟ್ಸಾಪ್ ತೋರಿಸುವ ಎರಡು ಬಾಣದ ಗುರುತು ಈಗ ಚಿಕ್ಕಪ್ಪನಿಗೂ ಗೊತ್ತು. ಅದಿರುವ ಸಂದೇಶ ಒಂದೇ ಕಡೆಗೆ ಹೋಗುತ್ತದೆಂದು ತಿಳಿದು, ಒಂದು ಉಪಾಯ ಕಂಡುಕೊಂಡಿದ್ದಾರೆ: ಬರಹವಾದರೆ ಕಾಪಿ ಮಾಡಿ ಹೊಸದಾಗಿ ಅಂಟಿಸುತ್ತಾರೆ, ವಿಡಿಯೊ ಆದರೆ ಇಳಿಸಿಕೊಂಡು ಮತ್ತೆ ಏರಿಸುತ್ತಾರೆ, ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಅವರ ಬೆರಳಿಗೆ ಇದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ, ನಡುವೆ ಕನ್ನಡಕ ಹುಡುಕಬೇಕು. ಕಳೆದ ಎರಡು ಮೂರು ತಿಂಗಳಲ್ಲಿ ಎರಡು ಸಲ, ಅಂಟಿಸುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ನನಗೆ ಫೋನ್ ಮಾಡಿ, "ಇದು ನಿಜಾನೇನೋ?" ಎಂದು ಕೇಳಿದರು.